ಪಿಸ್ತೂಲಿನ ಸ್ಪ್ರಿಂಗ್ ಬದಲಾವಣೆ: ಲಾಭವೆಷ್ಟು, ಅಪಾಯವೆಷ್ಟು?

ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಗುಂಡು ಹಾರಿದೊಡನೆ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ಕಾಡತೂಸನ್ನು ಹೊರಗೆಸೆಯುತ್ತದೆ. ಅದನ್ನು ಮತ್ತೆ ಮುಂದಕ್ಕೆ ನೂಕಿ, ಹೊಸ ಕಾಡತೂಸನ್ನು ನಳಿಗೆಯೊಳಗೆ ಸೇರಿಸುವುದು ರಿಕಾಯಿಲ್ ಸ್ಪ್ರಿಂಗ್. ಇದರ ಬಿಗಿಯನ್ನು ತಯಾರಕರು ನಿರ್ದಿಷ್ಟ ಶಕ್ತಿಯ ಕಾಡತೂಸಿಗೆ ಹೊಂದುವಂತೆ ಇಟ್ಟಿರುತ್ತಾರೆ.

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ, ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ .45 ಪಿಸ್ತೂಲಿಗೆ ಸಾಮಾನ್ಯವಾಗಿ 16 ಪೌಂಡಿನ, ಅಂದರೆ ಸುಮಾರು ಏಳು ಕಿಲೋ ಬಿಗಿಯ, ಸ್ಪ್ರಿಂಗ್ ಬಳಸುತ್ತಾರೆ. ಕಡಿಮೆ ಮದ್ದಿನ ಕಾಡತೂಸು ಬಳಸುವ ಗುರಿಕಾರರು ಇದಕ್ಕಿಂತ ಮೃದುವಾದುದನ್ನು ಹಾಕಿಸುವುದುಂಟು. ಅದೇ ಪಿಸ್ತೂಲಿಗೆ ಪೂರ್ಣಶಕ್ತಿಯ ಕಾಡತೂಸು ತುಂಬಿದರೆ ಸ್ಲೈಡ್ ಚೌಕಟ್ಟಿಗೆ ಬಲವಾಗಿ ಬಡಿಯುತ್ತದೆ. ಬಿಗಿ ಹೆಚ್ಚಾದರೂ ಕಷ್ಟವೇ: ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಖಾಲಿ ಕಾಡತೂಸು ಕಿಂಡಿಯಲ್ಲೇ ಸಿಕ್ಕಿಕೊಳ್ಳಬಹುದು.

ಹೆಚ್ಚಿನ ಆಮಿಷವಿರುವುದು ಹ್ಯಾಮರ್ ಸ್ಪ್ರಿಂಗಿನಲ್ಲಿ. ಅದನ್ನು ಸಡಿಲಿಸಿದರೆ, ಮುಖ್ಯವಾಗಿ ರಿವಾಲ್ವರಿನಲ್ಲಿ, ಟ್ರಿಗರ್ ಎಳೆಯುವುದು ಹಗುರವಾಗುತ್ತದೆ, ಗುರಿ ಕದಲುವುದಿಲ್ಲ. ಆದರೆ ಕಾಡತೂಸಿನ ತಳದ ಪ್ರೈಮರ್ ಸಿಡಿಯಲು ಬೇಕಾದ ಪೆಟ್ಟನ್ನು ಕೊಡುವುದೂ ಅದೇ ಸ್ಪ್ರಿಂಗ್. ಪೆಟ್ಟು ಸಾಲದಿದ್ದರೆ 'ಟಿಕ್' ಎಂಬ ಸದ್ದಷ್ಟೇ. ಸ್ಪರ್ಧಾಳುಗಳು ಮೃದು ಪ್ರೈಮರಿನ ಕಾಡತೂಸು ಆರಿಸಿ ಇದನ್ನು ನಿಭಾಯಿಸುತ್ತಾರೆ. ಅವರಿಗೆ ಹೋಗುವುದು ಒಂದೆರಡು ಅಂಕ. ಕಾವಲಿನವನಿಗೆ ಹೋಗುವುದು ಪ್ರಾಣ.

ಟ್ರಿಗರ್ ಭಾರವಾದರೆ ಸುರಕ್ಷೆ ಹೆಚ್ಚೆಂಬ ವಾದಕ್ಕೂ ಬೆಲೆಯಿದೆ. ಆಕಸ್ಮಿಕವಾಗಿ ಗುಂಡು ಹಾರುವುದನ್ನು ತಡೆಯಲು ನ್ಯೂಯಾರ್ಕ್ ಪೊಲೀಸರ ಗ್ಲಾಕ್ ಪಿಸ್ತೂಲುಗಳಿಗೆ ಬೇರೆ ಸ್ಪ್ರಿಂಗ್ ಅಳವಡಿಸಲಾಗಿತ್ತು, ಸುಮಾರು 5.5 ಪೌಂಡ್ ಇದ್ದ ಎಳೆತ 12 ಪೌಂಡಿಗೇರಿತ್ತು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಬಳಿ ಇಬ್ಬರು ಪೊಲೀಸರು ಕೊಲೆಗಾರನೊಬ್ಬನತ್ತ 16 ಗುಂಡು ಹಾರಿಸಿದಾಗ, ಆ ಗುಂಡು ಮತ್ತು ಚೂರುಗಳಿಂದ ಒಂಬತ್ತು ದಾರಿಹೋಕರು ಗಾಯಗೊಂಡರು. ಕಿಕ್ಕಿರಿದ ರಸ್ತೆ, ಕ್ಷಣಗಳ ಅವಧಿ ಎಲ್ಲವೂ ಕಾರಣವೇ. ಆದರೂ ಬೆರಳಿಗೆ ಅಷ್ಟು ಭಾರವಾದ ಟ್ರಿಗರ್ ಗುರಿ ಕೆಡಿಸುವುದೆಂಬ ಟೀಕೆ ಆಗ ಮತ್ತೆ ಕೇಳಿಬಂತು.

ಸವೆದ ಸ್ಪ್ರಿಂಗಿನ ಜಾಗಕ್ಕೆ ತಯಾರಕರೇ ಸೂಚಿಸಿದ ಬಿಗಿಯದನ್ನು ಹಾಕುವುದು ಮಾರ್ಪಾಡಲ್ಲ, ನಿರ್ವಹಣೆ. ಭಾರತದಲ್ಲಿ ಬಂದೂಕು, ಪಿಸ್ತೂಲುಗಳ ದುರಸ್ತಿ, ಮಾರ್ಪಾಡುಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನನ್ವಯ ಪ್ರತ್ಯೇಕ ಪರವಾನಗಿ ಬೇಕು. ಪಿಸ್ತೂಲು ಇಟ್ಟುಕೊಳ್ಳಲು ಸಿಕ್ಕ ಪರವಾನಗಿ ಈ ಕೆಲಸಕ್ಕೆ ಸಾಲದು.