ಕಂಪನಿ ಒಡೆದ ಸುದ್ದಿ: ಗಡಿನಾಡಿನ ನಾಟ್ಯಸಂಗೀತ ರಸಿಕರ ಒಂದು ಚರಿತ್ರೆ

2024ರ ಆಗಸ್ಟ್ 8ರ ರಾತ್ರಿ ಕೊಲ್ಲಾಪುರದ ಕೇಶವರಾವ ಭೋಸಲೆ ನಾಟ್ಯಗೃಹಕ್ಕೆ ಬೆಂಕಿ ಬಿದ್ದಿತು. ಮರುದಿನ, ಅಂದರೆ ಆಗಸ್ಟ್ 9, ಆ ರಂಗಮಂದಿರಕ್ಕೆ ಯಾರ ಹೆಸರನ್ನಿಟ್ಟಿದ್ದರೋ ಆ ನಟನ ಜನ್ಮದಿನ. ರಂಗವೇದಿಕೆ, ಪರದೆ, ಪ್ರೇಕ್ಷಕರ ಆಸನಗಳು, ಮಾಡು ಎಲ್ಲವೂ ಸುಟ್ಟು, ಕಲ್ಲುಗೋಡೆಗಳು ನಿಂತವು. ಸುದ್ದಿ ತಿಳಿದ ಕೊಲ್ಲಾಪುರದ ಜನ ಕಟ್ಟಡದೆದುರು ನಿಂತು ಕಣ್ಣೀರಿಟ್ಟರು. ಅವರಲ್ಲಿ ಯಾರೊಬ್ಬರೂ ಕೇಶವರಾವ ಭೋಸಲೆಯವರನ್ನು ಕಂಡವರಲ್ಲ, ಅವರ ಹಾಡನ್ನು ಎದುರಿಗೆ ಕುಳಿತು ಕೇಳಿದವರೂ ಅಲ್ಲ. ಆ ನಟ ತೀರಿಕೊಂಡು ಆಗಲೇ ನೂರಮೂರು ವರ್ಷಗಳಾಗುತ್ತ ಬಂದಿದ್ದವು. ಹಾಗಿದ್ದರೂ ಆ ದುಃಖ ಸುಳ್ಳಾಗಿರಲಿಲ್ಲ. ಕಾಣದ ಕಲಾವಿದನಿಗಾಗಿ ಅಳುವ ಈ ಶಕ್ತಿ ಒಂದು ಊರಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ಈ ಲೇಖನದ ಮೂಲ.

ನಾಟಕ ಮಂಡಳಿಗಳ ಚರಿತ್ರೆಯನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ವಿದ್ವಾಂಸರು ಬರೆದಿದ್ದಾರೆ. ನಟರ, ನಾಟಕಕಾರರ, ಸಂಗೀತ ಸಂಯೋಜಕರ ಜೀವನಚರಿತ್ರೆಗಳು ನಮಗೆ ದೊರೆಯುತ್ತವೆ. ಆದರೆ ರಾತ್ರಿಯಿಡೀ ಕುಳಿತು ಕೇಳಿದವರ, ಬೆಳಗ್ಗೆ ಕಟ್ಟೆಯ ಮೇಲೆ ಅದನ್ನೇ ಚರ್ಚಿಸಿದವರ, ಕಂಪನಿಯೊಡೆದಾಗ ಎರಡು ಪಕ್ಷವಾಗಿ ಜಗಳಾಡಿದವರ ಚರಿತ್ರೆ ಬಹುಮಟ್ಟಿಗೆ ಬರೆಯದೆ ಉಳಿದಿದೆ. ಹಾತಕಣಂಗಲೆ, ಇಚಲಕರಂಜಿ, ಗಡಹಿಂಗ್ಲಜಗಳಂತಹ ಊರುಗಳಲ್ಲಿ ಮನೆಯೊಳಗೆ ಕನ್ನಡ, ಅಂಗಳದಾಚೆ ಮರಾಠಿ ಆಡುತ್ತ ಬೆಳೆದ ನಮಗೆ ಈ ಚರಿತ್ರೆ ಹೊರಗಿನದಲ್ಲ.

ಎರಡು ಭಾಷೆಗಳ ಒಂದು ರಂಗ

ಮರಾಠಿ ರಂಗಭೂಮಿಯ ಹುಟ್ಟಿನ ಕಥೆಯಲ್ಲಿ ಕನ್ನಡದ ಹೆಸರು ಆರಂಭದಲ್ಲಿಯೇ ಬರುತ್ತದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ನೋಡಿದ ಸಾಂಗಲಿಯ ಸಂಸ್ಥಾನಿಕರು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಗೆ ಅಂತಹ ಆಟವನ್ನು ಮರಾಠಿಯಲ್ಲಿ ಕಟ್ಟಲು ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಿತು. ಅದೇ 1843ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಕನ್ನಡ ನಾಡಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಈ ಮಹನೀಯರು 1880ರಲ್ಲಿ ‘ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ಆಡಿಸಿ ಸಂಗೀತ ನಾಟಕವೆಂಬ ಪ್ರಕಾರಕ್ಕೆ ಸ್ಥಿರ ರೂಪ ಕೊಟ್ಟರು. ಅವರ ಪದಗಳ ಮಟ್ಟುಗಳಲ್ಲಿ ಕನ್ನಡ ಹಾಡುಗಳ ಧಾಟಿಗಳೂ ಸೇರಿಕೊಂಡಿದ್ದವು.

ಕೊಟ್ಟದ್ದು ಬೇಗನೆ ಹಿಂತಿರುಗಿ ಬಂದಿತು. ಮರಾಠಿ ಮಂಡಳಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ ಜನರನ್ನು ಮರುಳುಮಾಡತೊಡಗಿದಾಗ, ಗದುಗಿನ ಸಕ್ಕರಿ ಬಾಳಾಚಾರ್ಯರು, ನಾವು ಶಾಂತಕವಿಗಳೆಂದು ಕರೆಯುವವರು, ನೊಂದುಕೊಂಡರು. ಕನ್ನಡಿಗರು ಕನ್ನಡದಲ್ಲಿಯೇ ನಾಟಕ ನೋಡಬೇಕೆಂಬ ಹಟದಿಂದ ಅವರು ‘ಉಷಾಹರಣ’ ಬರೆದು ಮಂಡಳಿ ಕಟ್ಟಿದರು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಗೆ ಅದು ನಾಂದಿಯಾಯಿತು. ಅಭಿಮಾನದ ಪೈಪೋಟಿ ಒಂದು ಭಾಷೆಯ ರಂಗವನ್ನೇ ಹುಟ್ಟಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ರೈಲು, ಹಸ್ತಪತ್ರಿಕೆ, ಕಟ್ಟೆ

ಆ ಕಾಲದ ಕೇಳುಗನಿಗೆ ಸುದ್ದಿ ಹೇಗೆ ತಲುಪುತ್ತಿತ್ತು? 1891ರಲ್ಲಿ ಮಿರಜದಿಂದ ಕೊಲ್ಲಾಪುರಕ್ಕೆ ರೈಲುದಾರಿ ತೆರೆದ ಮೇಲೆ ಹಾತಕಣಂಗಲೆಯೂ ಆ ದಾರಿಯ ಒಂದು ನಿಲ್ದಾಣವಾಯಿತು. ಪರದೆಗಳು, ಪೆಟ್ಟಿಗೆಗಳು, ಪಾತ್ರೆಪಗಡೆಗಳೊಡನೆ ಮಂಡಳಿಯೊಂದು ಮಿರಜದಲ್ಲಿ ಇಳಿಯಿತೆಂಬ ವಾರ್ತೆ ರೈಲಿನಲ್ಲಿಯೇ ಪ್ರಯಾಣಮಾಡುತ್ತಿತ್ತು. ಬಾಜಾರದ ದಿನ ಹಲಗೆ ಬಡಿದು ಹಸ್ತಪತ್ರಿಕೆ ಹಂಚುತ್ತಿದ್ದರು. ‘ಕೇಸರಿ’ಯಂತಹ ಪತ್ರಿಕೆ ಊರಿಗೊಂದು ಬಂದರೆ ಓದುಬಲ್ಲವರೊಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಉಳಿದದ್ದೆಲ್ಲ ಬಾಯಿಂದ ಬಾಯಿಗೆ.

ನಾಟಕ ರಾತ್ರಿ ಹತ್ತರ ಸುಮಾರಿಗೆ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಹಾಡು ಹಿಡಿಸಿತೆಂದರೆ ‘ವನ್ಸ್‌ಮೋರ್’ ಎಂಬ ಕೂಗು ಏಳುತ್ತಿತ್ತು. ಒಂದು ಪದಕ್ಕೆ ಎಷ್ಟು ವನ್ಸ್‌ಮೋರ್ ಬಿದ್ದವು ಎಂಬುದೇ ಮರುದಿನದ ಚರ್ಚೆಯ ಮೊದಲ ವಿಷಯ. ನಟ ಪ್ರತಿಸಲವೂ ಅದೇ ಪದವನ್ನು ಬೇರೆ ಬಗೆಯಲ್ಲಿ ಬೆಳೆಸಬೇಕು. ಬೆಳೆಸದಿದ್ದರೆ ರಸಿಕರು ಕ್ಷಮಿಸುತ್ತಿರಲಿಲ್ಲ. ರಾಗದ ಹೆಸರು ತಿಳಿಯದವರೂ ಹೀಗೆ ಆಲಾಪ, ತಾನುಗಳ ಭೇದವನ್ನು ಕಿವಿಯಿಂದಲೇ ಕಲಿತರು. ನಮ್ಮ ಭಾಗದಲ್ಲಿ ಹಿಂದುಸ್ತಾನಿ ಸಂಗೀತಕ್ಕೆ ಕೇಳುಗರ ನೆಲೆಯನ್ನು ಸಿದ್ಧಪಡಿಸಿದ್ದು ಅರಮನೆಯ ಬೈಠಕ್ಕುಗಳಷ್ಟೇ ಅಲ್ಲ, ಈ ನಾಟಕದ ಮಾಂಡವಗಳು.

ಒಡೆದ ಕಂಪನಿ, ಕೂಡಿದ ರಾತ್ರಿ

ಕಿರ್ಲೋಸ್ಕರ ಮಂಡಳಿಯ ಮೆಚ್ಚಿನ ಗಾಯಕನಟ ಭಾವುರಾವ ಕೊಲ್ಹಟಕರರು 1901ರಲ್ಲಿ ತೀರಿಕೊಂಡಾಗ ಕಂಪನಿಯ ಕಾಲ ಮುಗಿಯಿತೆಂದೇ ಜನ ಮಾತಾಡಿಕೊಂಡರು. 1905ರಲ್ಲಿ ಮಿರಜದಲ್ಲಿ ನಾರಾಯಣ ಶ್ರೀಪಾದ ರಾಜಹಂಸರೆಂಬ ಹದಿಹರೆಯದ ಹುಡುಗ ಶಕುಂತಲೆಯಾಗಿ ರಂಗವೇರಿದ. ಬಾಲಗಂಧರ್ವರೆಂದು ಲೋಕ ಕರೆದದ್ದು ಇವರನ್ನೇ. ಆ ಬಿರುದನ್ನು ಲೋಕಮಾನ್ಯ ತಿಲಕರೇ ಕೊಟ್ಟರೆಂಬುದು ರಸಿಕರ ನಂಬಿಕೆ. ಅವರ ಸೀರೆಯ ನೆರಿಗೆ, ಒಡವೆ, ಹೂ ಮುಡಿಯುವ ರೀತಿಗಳನ್ನು ಗೃಹಿಣಿಯರು ಅನುಕರಿಸಿದರು.

1911ರ ಮಾರ್ಚ್ 12ರಂದು ಕೃಷ್ಣಾಜಿ ಪ್ರಭಾಕರ ಖಾಡಿಲಕರರ ‘ಮಾನಾಪಮಾನ’ ಮೊದಲ ಬಾರಿಗೆ ರಂಗಕ್ಕೆ ಬಂದಿತು. ಪದಗಳಿಗೆ ಸ್ವರ ಹಾಕಿದವರು ಕೊಲ್ಲಾಪುರದ ಗೋವಿಂದರಾವ ಟೇಂಬೆಯವರು. ಅಂದೇ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಿದ್ದಳು. ಆದರೂ ಅವರು ಆಟ ನಿಲ್ಲಿಸಲಿಲ್ಲ. ಕೆಲವರು ಇದನ್ನು ಕಲಾನಿಷ್ಠೆಯೆಂದು ಕೊಂಡಾಡಿದರು. ತಂದೆಯ ಮನಸ್ಸು ಇಷ್ಟು ಕಲ್ಲಾಗಬಹುದೇ ಎಂದು ಕೇಳಿದವರೂ ಇರಬೇಕು. ಕೇಳುವ ನಮ್ಮ ಹಂಬಲವೂ ಆ ಕಲ್ಲಿನಲ್ಲಿ ಪಾಲುದಾರನಲ್ಲವೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ರಸಿಕರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ.

ಎರಡೇ ವರ್ಷಗಳಲ್ಲಿ, 1913ರಲ್ಲಿ, ಬಾಲಗಂಧರ್ವ, ಗಣಪತರಾವ ಬೋಡಸ, ಗೋವಿಂದರಾವ ಟೇಂಬೆ ಮೂವರೂ ಕಿರ್ಲೋಸ್ಕರ ಮಂಡಳಿಯನ್ನು ತೊರೆದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಅಮೆರಿಕದ ಬೀಚ್ ಬಾಯ್ಸ್‌ನಂತಹ ಹಾಡುತಂಡಗಳ ಅಭಿಮಾನಿಗಳು ಯಾರು ಯಾರನ್ನು ಬಿಟ್ಟರು, ಯಾವ ಹಾಡು ಯಾರದು ಎಂದು ಅರ್ಧ ಶತಮಾನ ಕಳೆದರೂ ವಾದಿಸುತ್ತಾರೆಂದು ಕೇಳಿ ಇಂದಿನವರು ಬೆರಗಾಗುತ್ತಾರೆ. ಆ ವಾದಗಳೆಲ್ಲವೂ ನಮ್ಮ ಕಟ್ಟೆಗಳ ಮೇಲೆ ನೂರು ವರ್ಷಗಳ ಹಿಂದೆಯೇ ನಡೆದಿದ್ದವು.

ಇತ್ತ ಕೊಲ್ಲಾಪುರದಲ್ಲಿ 1890ರಲ್ಲಿ ಹುಟ್ಟಿದ ಕೇಶವರಾವ ಭೋಸಲೆಯವರು ಬಾಲನಟರಾಗಿ ‘ಶಾರದಾ’ ನಾಟಕದಲ್ಲಿ ಹೆಸರು ಪಡೆದು, 1908ರಲ್ಲಿ ತಮ್ಮದೇ ಲಲಿತಕಲಾದರ್ಶ ಮಂಡಳಿಯನ್ನು ಸ್ಥಾಪಿಸಿದರು. ಸ್ಥಾಪಿಸಿದ್ದು ಪುಣೆಯಲ್ಲಲ್ಲ, ಕೊಲ್ಲಾಪುರದಲ್ಲಿಯೂ ಅಲ್ಲ, ನಮ್ಮ ಹುಬ್ಬಳ್ಳಿಯಲ್ಲಿ. ಬಾಲಗಂಧರ್ವರದು ಮೃದುವಾದ, ಭಾವ ತುಂಬಿದ ಕಂಠ. ಕೇಶವರಾವರದು ಎತ್ತರದ ಸ್ವರಗಳಲ್ಲಿ ನುಗ್ಗುವ, ಚುರುಕು ತಾನುಗಳ ಗಾಯನ. ರಸಿಕರು ಎರಡು ಪಂಗಡವಾದರು. ಈ ಪೈಪೋಟಿ ತುದಿಗೇರಿದ್ದಾಗಲೇ 1921ರ ಜುಲೈ 8ರಂದು ಮುಂಬಯಿಯಲ್ಲಿ ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥ ಇಬ್ಬರೂ ಒಂದೇ ರಂಗದ ಮೇಲೆ ನಿಂತರು. ‘ಸಂಯುಕ್ತ ಮಾನಾಪಮಾನ’ದ ಆ ರಾತ್ರಿ ಬಾಲಗಂಧರ್ವರು ಭಾಮಿನಿ, ಕೇಶವರಾವರು ಧೈರ್ಯಧರ. ಯಾರು ಗೆದ್ದರು ಎಂಬ ವಾದ ಮುಗಿಯುವ ಮುನ್ನವೇ, ಅದೇ ಅಕ್ಟೋಬರ್ 4ರಂದು, ಮೂವತ್ತೊಂದರ ವಯಸ್ಸಿನಲ್ಲಿ ಕೇಶವರಾವರು ತೀರಿಕೊಂಡರು. ಶಾಹೂ ಮಹಾರಾಜರು 1915ರಲ್ಲಿ ಕಟ್ಟಿಸಿದ ಪ್ಯಾಲೇಸ್ ಥಿಯೇಟರ್ ಮುಂದೆ ಅವರ ಹೆಸರನ್ನು ಹೊತ್ತಿತು.

ಮೂರು ನಿಮಿಷದ ತಟ್ಟೆ

ಗ್ರಾಮೋಫೋನು ಬಂದ ಮೇಲೆ ರಸಿಕನ ಜೀವನ ಬದಲಾಯಿತು. ರಾತ್ರಿಯಿಡೀ ಬೆಳೆಯುತ್ತಿದ್ದ ಪದ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ತಟ್ಟೆಯೊಳಗೆ ಅಡಗಬೇಕಾಯಿತು. ಆರಂಭದ ದಿನಗಳಲ್ಲಿ ಧ್ವನಿಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದುದರಿಂದ, ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ರಸಿಕರಿಗೆ ಆ ಹೆಸರೂ ಹಾಡಿನ ಭಾಗವೇ ಆಯಿತು. ಗದುಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ತಟ್ಟೆಯನ್ನು ಕೇಳಿ, ಗುರುವನ್ನು ಅರಸಿ 1933ರಲ್ಲಿ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತಿದೆ. ಆ ಖಾನಸಾಹೇಬರು ನೆಲಸಿದ್ದು ನಮ್ಮ ಪಕ್ಕದ ಮಿರಜದಲ್ಲಿ. ಅದೇ ಮಿರಜದ ನೀಲಕಂಠಬುವಾ ಆಲೂರಮಠರು ಕನ್ನಡ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನ ಮನಸೂರರನ್ನು ಕೇಳಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಮುಂದೆ ಮನಸೂರರಿಗೆ ಪಾಠ ಹೇಳಿದ ಮಂಜಿ ಖಾನ್, ಭುರ್ಜಿ ಖಾನರು ಕೊಲ್ಲಾಪುರ ದರಬಾರಿನ ಅಲ್ಲಾದಿಯಾ ಖಾನರ ಮಕ್ಕಳು. ಈ ಗಾಯಕರೂ ಮೊದಲು ಕೇಳುಗರಾಗಿದ್ದರೆಂಬುದನ್ನು ನಾವು ಮರೆಯಬಾರದು.

ಟಾಕಿ ಚಿತ್ರಗಳು ಬಂದು ಮಂಡಳಿಗಳ ಕಾಲ ಮುಗಿಯಿತು. 1932ರಲ್ಲಿ ಕೊಲ್ಲಾಪುರದ ಪ್ರಭಾತ ಕಂಪನಿಯ ‘ಅಯೋಧ್ಯೇಚಾ ರಾಜಾ’ದಲ್ಲಿ ಟೇಂಬೆಯವರೇ ಹರಿಶ್ಚಂದ್ರರಾದರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದೂ ಕೊಲ್ಲಾಪುರದಲ್ಲಿಯೇ. ಬಾಲಗಂಧರ್ವರೂ 1935ರಲ್ಲಿ ಪ್ರಭಾತದ ‘ಧರ್ಮಾತ್ಮಾ’ದಲ್ಲಿ ನಟಿಸಿದರು.

ರಸಿಕರ ನ್ಯಾಯ

ಅಭಿಮಾನದ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಬೀಳಗಿಯ ಕಲಾವಂತ ಮನೆತನದಲ್ಲಿ ಹುಟ್ಟಿದ ಸೋದರಿಯರು ಗೌಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ಅಮೀರಬಾಯಿ ಹಿಂದಿ ಚಿತ್ರಗಳ ಗಾಯಕಿಯಾಗಿ ದೇಶದ ಮನೆಮಾತಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ಕೀರ್ತಿ ಬೆಳೆಯಿತು. ಗೌಹರಬಾಯಿ ಬಾಲಗಂಧರ್ವರ ಗಾಯಕಿಯನ್ನು ಅದರ ನಯದೊಡನೆ ತಮ್ಮ ಕಂಠದಲ್ಲಿ ಇಳಿಸಿಕೊಂಡ, ಎಲ್ಲ ರಸಿಕರಿಗಿಂತ ದೊಡ್ಡ ರಸಿಕೆ. 1930ರ ದಶಕದ ಕೊನೆಗೆ ಅವರು ಸಾಲದಲ್ಲಿ ಮುಳುಗಿದ್ದ ಬಾಲಗಂಧರ್ವರ ಮಂಡಳಿಯನ್ನು ಸೇರಿದರು, ಸ್ತ್ರೀಪಾತ್ರಗಳನ್ನು ವಹಿಸಿದರು, ಬಳಿಕ ಅವರ ಬಾಳಸಂಗಾತಿಯಾದರು. ಗಂಧರ್ವಭಕ್ತರಲ್ಲಿ ಬಹುಮಂದಿ ಇದನ್ನು ಸಹಿಸಲಿಲ್ಲ. ತಮ್ಮ ದೇವರ ಬಡತನಕ್ಕೂ ಅಪಕೀರ್ತಿಗೂ ಈ ಪರಭಾಷೆಯ, ಪರಧರ್ಮದ ಹೆಂಗಸೇ ಕಾರಣವೆಂದು ಕಥೆ ಕಟ್ಟಿದರು. ಮಂಡಳಿಯ ಸಾಲ ಅವರು ಬರುವುದಕ್ಕೆ ಬಹಳ ಮೊದಲೇ ಬೆಳೆದಿತ್ತು, ಸಿನಿಮಾ ಪ್ರೇಕ್ಷಕರನ್ನು ಆಗಲೇ ಸೆಳೆದುಕೊಂಡಿತ್ತು. ರೋಗದಿಂದ ಕಾಲು ಸೋತ ಕಲಾವಿದನ ಬಳಿ ನಿಂತವರು ಗೌಹರಬಾಯಿಯೇ. ಅವರು 1964ರಲ್ಲಿ, ಬಾಲಗಂಧರ್ವರು 1967ರ ಜುಲೈ 15ರಂದು ತೀರಿಕೊಂಡರು. ಕಟ್ಟೆಯ ಮೇಲಿನ ಆ ತೀರ್ಪನ್ನು ಇಂದಿಗೂ ಕೆಲವರು ಹಾಗೆಯೇ ಹೇಳುತ್ತಾರೆ.

ಈ ಪ್ರಸಂಗವನ್ನು ಗಡಿಯ ಕನ್ನಡಿಗರು ಎರಡು ಕಾರಣಗಳಿಗಾಗಿ ನೆನೆಯಬೇಕು. ಕನ್ನಡದ ಹೆಣ್ಣುಮಗಳೊಬ್ಬಳಿಗೆ ಆದ ಅನ್ಯಾಯ ಅದು ಎಂಬುದು ಒಂದು. ಇದನ್ನೇ ಮರಾಠಿಗರ ಮೇಲಿನ ದೂರಾಗಿ ಮಾಡಿಕೊಂಡರೆ ನಾವೂ ಅದೇ ರಸಿಕರ ಸಾಲಿಗೆ ಸೇರುತ್ತೇವೆ ಎಂಬುದು ಇನ್ನೊಂದು. ಕಿರ್ಲೋಸ್ಕರರು ಯಾರವರು, ಮನಸೂರರು ಯಾರವರು ಎಂದು ಪಟ್ಟಿ ಹಿಡಿದು ಹಂಚಿಕೊಳ್ಳುವ ವಾದ ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಆ ಹಾಡನ್ನು ಕೇಳಿದವರು ಎರಡು ಭಾಷೆಯವರೂ ಆಗಿದ್ದರು. ಮರಾಠಿ ನಾಟ್ಯಗೀತಗಳನ್ನು ಬಾಯಿಪಾಠ ಮಾಡಿ, ಅದರ ಅರ್ಥವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಟ್ಟ ಅಜ್ಜಿಯರು ನಮ್ಮಲ್ಲಿದ್ದರು. ಅವರ ಕನ್ನಡವೇನೂ ಅದರಿಂದ ಕಡಿಮೆಯಾಗಲಿಲ್ಲ.

ಉಳಿಸಬೇಕಾದದ್ದು

ಕೊಲ್ಲಾಪುರದ ನಾಟ್ಯಗೃಹವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಸರಕಾರ ಕೈಹಾಕಿದೆ. ಕಲ್ಲು, ಮರಗಳನ್ನು ತಂದು ಕಟ್ಟಡವನ್ನು ಎಬ್ಬಿಸಬಹುದು. ಕೇಳುಗರ ನೆನಪಿಗೆ ಅಂತಹ ಅನುದಾನವಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಹಳ್ಳಿಗಳಲ್ಲಿ ಕಿವಿಗೊಟ್ಟು ಕೇಳಿದ ತಲೆಮಾರಿನವರು ಇನ್ನೂ ಕೆಲವರು ಇದ್ದಾರೆ. ಕೊನೆಯ ಕಂಪನಿ ನಾಟಕಗಳನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದವರೂ ಇದ್ದಾರೆ. ಅವರಿಗೆ ಎಂಬತ್ತು, ತೊಂಬತ್ತು ವರ್ಷ.

ನಮ್ಮ ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಊರಿಗೊಬ್ಬರು ಹಿರಿಯರ ಬಳಿ ಕುಳಿತು, ಅವರು ಯಾವ ಕಂಪನಿಯನ್ನು ಎಲ್ಲಿ ಕಂಡರು, ಯಾವ ತಟ್ಟೆ ಮನೆಯಲ್ಲಿತ್ತು, ಯಾರ ಪರವಾಗಿ ಜಗಳಾಡಿದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಹೊಗಳಿಕೆಯನ್ನೂ ಬರೆಯಬೇಕು, ಗೌಹರಬಾಯಿಯವರ ಬಗ್ಗೆ ಆಡಿದ ಮಾತನ್ನೂ ಬರೆಯಬೇಕು. ಅಟ್ಟದ ಮೇಲಿನ ಹಳೆಯ ಹಸ್ತಪತ್ರಿಕೆ, ಪದಗಳ ಪುಸ್ತಕ, ಸೀಳಿದ ತಟ್ಟೆಗಳನ್ನು ರದ್ದಿಯವನಿಗೆ ಕೊಡುವ ಮುನ್ನ ಒಮ್ಮೆ ಸಂಘಕ್ಕೆ ತೋರಿಸಬೇಕು. ಮುಂದಿನ ಸಮ್ಮೇಲನದ ಹೊತ್ತಿಗೆ ಇಂತಹ ಹತ್ತು ನೆನಪುಗಳು ಕೈಸೇರಿದರೂ ಗಡಿನಾಡಿನ ಕೇಳುಗರ ಚರಿತ್ರೆಯ ಮೊದಲ ಅಧ್ಯಾಯ ಸಿದ್ಧವಾದಂತೆ.