ಮಲ್ಲಿಗಿ ಮಾಲಿ ಯಾವ ಬಾಣಂತಿಗೆ?

ಹೋದ ತಿಂಗಳು ನಮ್ಮ ಓಣ್ಯಾಗ ಒಬ್ಬ ಹುಡುಗಿ ಹಡದು ಮೂರನೇ ದಿನಕ್ಕ ಎದಿ ಕಲ್ಲಾಗಿ ಅಳಲಿಕ್ಕತ್ತಿದ್ಲು. ತೊಟ್ಟು ಬಿಗದು ಕೂಸಿನ ಬಾಯಿಗೆ ಸಿಗವಲ್ದು. ನೋಡಲಿಕ್ಕ ಬಂದವರೊಬ್ಬರು "ದುಂಡುಮಲ್ಲಿಗಿ ಮಾಲಿ ಕಟ್ರಿ, ಇಳೀತದ" ಅಂದ್ರು. ನಾನು ಬ್ಯಾಡ ಅಂದೆ. ಯಾಕ ಅನ್ನೂದು ಅಷ್ಟು ಮಂದಿ ನಡುವ ಹೇಳಲಿಕ್ಕ ಆಗಲಿಲ್ಲ, ಇಲ್ಲಿ ಬರೀತೀನಿ.

ಮಲ್ಲಿಗಿ ಔಷಧ ಸುಳ್ಳಲ್ಲ. ನಮ್ಮ ದೊಡ್ಡವ್ವನ ಚೊಚ್ಚಲ ಕೂಸು ಎಂಟು ದಿನಕ್ಕ ತೀರಿಕೊಂಡ್ತು. ಕೂಸು ಹೋದ್ರೂ ಹಾಲಿಗೆ ಏನ್ ಗೊತ್ತು? ಕುಪ್ಪಸ ತೊಯ್ತಾನೇ ಇತ್ತು. ಅಜ್ಜಿ ಮಲ್ಲಿಗಿ ಮಾಲಿ ತರಿಸಿ ಎರಡೂ ಎದಿಗೆ ಇಟ್ಟು ಅರಿವಿ ಕಟ್ಟಿದ್ಲು. ಬಾಡಿದ್ದು ತಗದು ದಿನಾ ಹೊಸಾದು ಇಟ್ಲು. ನಾಕೈದು ದಿನಕ್ಕ ಹಾಲು ಬತ್ತಿತು. ಮುಂದ ದೊಡ್ಡವ್ವಗ ನಾಲ್ಕು ಮಕ್ಕಳಾದ್ವು, ಆದ್ರ ಹಬ್ಬಕ್ಕೂ ಆಕಿ ಮಲ್ಲಿಗಿ ಮುಡೀಲಿಲ್ಲ, ಸೇವಂತಿಗಿನೇ. ಕಾರಣ ನನಗ ಗೊತ್ತಾದದ್ದು ನಾನು ಹಡದ ಮ್ಯಾಲೆ.

ದಕ್ಷಿಣ ಭಾರತದ ಈ ಹಳೇ ರೂಢಿಯನ್ನು ಡಾಕ್ಟರರೂ ಪರೀಕ್ಷಾ ಮಾಡ್ಯಾರ. 1979ರಾಗ ಇಲಿಗಳ ಮ್ಯಾಲೆ ನೋಡಿದ್ರು, ಹೂವಿನಿಂದ ಹಾಲು ಕಡಿಮಿ ಆತು. ಆಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 60 ಬಾಣಂತೇರೊಳಗ ಕೆಲವರಿಗೆ ಮಲ್ಲಿಗಿ ಮಾಲಿ, ಕೆಲವರಿಗೆ ಹಾಲು ನಿಲ್ಲಿಸೋ ಬ್ರೋಮೋಕ್ರಿಪ್ಟಿನ್ ಗುಳಗಿ ಕೊಟ್ಟು ನೋಡಿದ್ರು. 1988ರಾಗ ಅದು ಅಚ್ಚಾತು. ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಅನ್ನೂದನ್ನ ಗುಳಗಿ ಹೆಚ್ಚು ಇಳಸಿತು. ಆದ್ರ ಹಾಲು, ಬಿಗಿತ ಕಡಿಮಿ ಮಾಡೂದ್ರಾಗ ಎರಡೂ ಸಮ. ಮುಂದ 1990ರ ದಶಕದಾಗ ಆ ಗುಳಗಿಯಿಂದ ಲಕ್ವಾ, ಹೃದಯಾಘಾತದಂಥ ಅಪಾಯ ಬಂದಾವು ಅಂತ ಅಮೆರಿಕಾದಾಗ ಹಾಲು ನಿಲ್ಲಿಸಲಿಕ್ಕ ಅದನ್ನ ಕೊಡೂದು ಬಿಟ್ರು.

ನೋಡ್ರಿ, ಅಜ್ಜಿ ಹೂವು ಗೆದ್ದದ್ದು ಹಾಲು *ನಿಲ್ಲಿಸೂದ್ರಾಗ*. ಅದು ಮಡಲು ಬರಿದಾದ ತಾಯಿಗಿದ್ದ ಔಷಧ. ಕೂಸು ಹಸದು ಅಳೂ ಮನ್ಯಾಗ ಅದನ್ನ ಕಟ್ಟಿದ್ರ, ನೋವಿನ ಜೋಡಿ ಕೂಸಿನ ಊಟಾನೂ ಹೋಗ್ತದ. ನಾವು ಔಷಧ ನೆನಪಿಟ್ಟೀವಿ, ಅದು ಯಾರಿಗೆ ಅನ್ನೂದನ್ನ ಮರತೀವಿ.

ಹಾಲೂಡಿಸೋ ತಾಯಿಗೆ ಬ್ಯಾರೆ ದಾರಿ ಅದ. ಎದಿ ಬಿಗಿಯೂದು ಬರೇ ಹಾಲಿನಿಂದಲ್ಲ, ರಕ್ತ, ನೀರೂ ಅಲ್ಲಿ ತುಂಬಿ ಬಾವು ಬರ್ತದ. ಹಗಲು ರಾತ್ರಿ ಸೇರಿ ಎಂಟು-ಹನ್ನೆರಡು ಸಲ ಕುಡಸಬೇಕು. ಕುಡಸೂ ಮುಂದ ಸ್ವಲ್ಪ ಬೆಚ್ಚನ್ನ ಅರಿವಿ ಇಟ್ಟು, ತೊಟ್ಟು ಮೆತ್ತಗಾಗೂಷ್ಟು ಕೈಲೆ ಹಿಂಡಬೇಕು. ಕುಡಿಸಿದ ಮ್ಯಾಲೆ ತಂಪು ಅರಿವಿ. ತಂಪು ಕೋಸಿನ ಎಲಿ ಇಟ್ರೂ ಹಿತ ಅನಸ್ತದ. 1995ರಾಗ ಆಸ್ಟ್ರೇಲಿಯಾದವರು ನೋಡಿದಾಗ ಅದು, ತಂಪು ಜೆಲ್ ಚೀಲ ಎರಡೂ ಒಂದೇ ಸಮ ನೋವು ಇಳಸಿದ್ವು. ಜ್ವರ ಬಂದು ಎದಿ ಒಂದ್ ಕಡೆ ಕೆಂಪಾದ್ರ ಮನಿಮದ್ದು ಸಾಕು, ದವಾಖಾನಿಗೆ ಹೋಗ್ರಿ.

ಆ ಹುಡುಗಿಗೆ ಅವತ್ತು ನಾನೇ ಬಿಸಿನೀರಾಗ ಅರಿವಿ ಹಿಂಡಿ ಇಟ್ಟೆ. ಸಂಜೀಕ ಕೂಸು ಗುಟುಕು ಗುಟುಕು ಕುಡೀತು. ತಂದಿದ್ದ ಮಾಲಿ ಆಕಿ ತಲಿಗೆ ಮುಡಸಲಿಲ್ಲ, ದೇವರ ಮುಂದಿಟ್ಟು ಬಂದೆ.