ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಡೀಸೆಲ್ ಗೇಜ್ ದೋಷವನ್ನು ಪತ್ತೆ ಹಚ್ಚುವ ಕ್ರಮ

ಡೀಸೆಲ್ ಗೇಜ್ ತಪ್ಪು ಅಳತೆ ತೋರಿಸಿದಲ್ಲಿ ಉಳುಮೆಯ ನಡುವೆಯೇ ಟ್ಯಾಂಕ್ ಬರಿದಾಗಿ ಇಂಧನ ಕೊಳವೆಗಳಲ್ಲಿ ಗಾಳಿ ಸೇರುತ್ತದೆ. ಅನಂತರ ಡೀಸೆಲ್ ತುಂಬಿದರೂ ಗಾಳಿಯನ್ನು ಹೊರತೆಗೆಯದೆ ಎಂಜಿನ್ ಚಾಲನೆಗೊಳ್ಳುವುದಿಲ್ಲ. ಬಿತ್ತನೆಯ ಹದ ತಪ್ಪದಂತೆ ಹಂಗಾಮಿಗೆ ಮುನ್ನವೇ ಗೇಜ್ ಪರೀಕ್ಷಿಸಿಕೊಳ್ಳಿರಿ.

ಕಾರ್ಯವಿಧಾನ

ಟ್ಯಾಂಕ್‌ನೊಳಗಿನ ಫ್ಲೋಟ್ ಡೀಸೆಲ್ ಮಟ್ಟಕ್ಕನುಗುಣವಾಗಿ ಏರಿಳಿಯುತ್ತದೆ. ಅದರಿಂದ ಫ್ಲೋಟ್ ಘಟಕದ ವಿದ್ಯುತ್ ರೋಧ ಬದಲಾಗಿ, ಗೇಜ್‌ನ ಮುಳ್ಳು ಚಲಿಸುತ್ತದೆ.

ಮುನ್ನೆಚ್ಚರಿಕೆಗಳು

• ಎಂಜಿನ್ ನಿಲ್ಲಿಸಿ, ಬಯಲಿನಲ್ಲಿ ಪರೀಕ್ಷಿಸಿರಿ. ಬೀಡಿ, ಬೆಂಕಿ ಹತ್ತಿರ ಇರಕೂಡದು.
• ವೈರ್ ಬಿಚ್ಚುವಾಗ ಮತ್ತು ಜೋಡಿಸುವಾಗ ಕೀಲಿ ಆಫ್ ಇರಲಿ.
• ಪೆಟ್ರೋಲ್ ವಾಹನಗಳಲ್ಲಿ ಕಿಡಿಯ ಅಪಾಯವಿರುವುದರಿಂದ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಬಿಡಿರಿ.

ಪರೀಕ್ಷಾ ಕ್ರಮ

1. ವಿದ್ಯುತ್ತಿನಿಂದ ನಡೆಯುವ ಇತರ ಗೇಜ್‌ಗಳೂ ಕೆಲಸ ಮಾಡದಿದ್ದಲ್ಲಿ ಮೊದಲು ಫ್ಯೂಸ್ ನೋಡಿರಿ.

2. ಫ್ಲೋಟ್ ಘಟಕದ ವೈರ್ ಬಿಚ್ಚಿ, ಯಾವ ಲೋಹಕ್ಕೂ ತಾಗದಂತೆ ಇರಿಸಿ, ಕೀಲಿ ಆನ್ ಮಾಡಿ ಮುಳ್ಳನ್ನು ಗಮನಿಸಿರಿ. ಕೀಲಿ ಆಫ್ ಮಾಡಿ, ಅದೇ ವೈರನ್ನು ತುಕ್ಕಿಲ್ಲದ ಚಾಸಿ ಭಾಗಕ್ಕೆ ಜೋಡಿಸಿ, ಕೆಲವೇ ಸೆಕೆಂಡು ಕೀಲಿ ಆನ್ ಮಾಡಿರಿ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯಬೇಕು. ಯಾವ ತುದಿ ಎಂಬುದು ಮಾದರಿಯನ್ನು ಅವಲಂಬಿಸಿದೆ.

3. ಮುಳ್ಳು ಹೀಗೆ ಸರಿದಲ್ಲಿ ಗೇಜ್ ಮತ್ತು ವೈರ್ ಸರಿಯಾಗಿವೆ. ದೋಷವಿರುವುದು ಫ್ಲೋಟ್ ಘಟಕದಲ್ಲಿ ಅಥವಾ ಅದರ ಅರ್ತ್‌ನಲ್ಲಿ. ವೈರನ್ನು ಮರಳಿ ಜೋಡಿಸಿ, ಘಟಕದ ಹೊರಕವಚದಿಂದ ಚಾಸಿಗೆ ಇನ್ನೊಂದು ವೈರ್ ಹಿಡಿಯಿರಿ. ಅಳತೆ ಸರಿಹೋದರೆ ಘಟಕ ಕೂರುವ ಜಾಗದ ತುಕ್ಕು ತೆಗೆದರೆ ಸಾಕು.

4. ಮುಳ್ಳು ಅಲುಗದಿದ್ದಲ್ಲಿ, ಗೇಜ್‌ನ ಹಿಂಬದಿಯಲ್ಲಿ ಫ್ಲೋಟ್ ವೈರ್ ಬಿಚ್ಚಿ ಇದೇ ಪರೀಕ್ಷೆ ಮಾಡಿರಿ. ಈಗ ಸರಿದರೆ ನಡುವಣ ವೈರ್ ತುಂಡಾಗಿದೆ ಅಥವಾ ಸುಲಿದು ಚಾಸಿಗೆ ತಾಗುತ್ತಿದೆ. ಆಗಲೂ ಅಲುಗದೆ, ಟೆಸ್ಟ್ ಲ್ಯಾಂಪ್ ಗೇಜ್‌ಗೆ ವಿದ್ಯುತ್ ಬರುತ್ತಿದೆಯೆಂದು ತೋರಿಸಿದಲ್ಲಿ ಗೇಜ್ ಬದಲಾಯಿಸಿರಿ.

5. ಅರ್ತ್ ಸರಿಯಿದ್ದೂ ದೋಷ ಉಳಿದರೆ ಬ್ಯಾಟರಿ ಸಂಪರ್ಕ ತಪ್ಪಿಸಿ ಫ್ಲೋಟ್ ಘಟಕ ಹೊರತೆಗೆಯಿರಿ. ಫ್ಲೋಟ್‌ನೊಳಗೆ ಡೀಸೆಲ್ ಸೇರಿದೆಯೇ, ಕಡ್ಡಿ ಬಾಗಿದೆಯೇ ನೋಡಿರಿ. ಕಡ್ಡಿಯನ್ನು ಮೆಲ್ಲನೆ ಎತ್ತಿದಾಗ ಮಲ್ಟಿಮೀಟರ್‌ನಲ್ಲಿ ರೋಧ ಒಂದೇ ಸಮನೆ ಬದಲಾಗಬೇಕು. ನಡುವೆ ಕಡಿದುಹೋದರೆ ಘಟಕ ಸವೆದಿದೆ. ಅದೇ ಮಾದರಿಯ ಘಟಕವನ್ನೇ ಕೊಳ್ಳಿರಿ. ರೋಧದ ಪ್ರಮಾಣ ಬೇರೆಯಾದರೆ ಅಳತೆ ಮತ್ತೆ ತಪ್ಪುತ್ತದೆ.

ದುರಸ್ತಿಯಾಗುವವರೆಗೆ

ಸ್ವಚ್ಛವಾದ ಒಣ ಕಡ್ಡಿಗೆ ಗುರುತು ಮಾಡಿಕೊಂಡು, ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡೀಸೆಲ್ ಅಳೆಯಿರಿ. ಪ್ರತಿದಿನ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿದರೆ ರಾತ್ರಿಯ ತಂಪಿಗೆ ಒಳಗೆ ನೀರಿನ ಹನಿ ಕಟ್ಟುವುದೂ ಕಡಿಮೆಯಾಗುತ್ತದೆ.